ವಾದಕ್ಕೆ ಇಟ್ಟ ಮೇಲೆ ಲೇಬರ್ ಕೋರ್ಟು ಹೊಸ ಸಾಕ್ಷಿಯನ್ನು ತಗೊಳ್ಳುತ್ತದೆಯೇ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ದಾವಣಗೆರೆಯ ಅಕ್ಕಿ ಗಿರಣಿಯೊಂದು ಯಾವ ವಿಚಾರಣೆಯೂ ಇಲ್ಲದೆ ಬಾಯಿಮಾತಿನಲ್ಲೇ ನಿಮ್ಮನ್ನು ಕೆಲಸದಿಂದ ಬಿಡಿಸಿದೆ. ಕಾನೂನಿನ ರಕ್ಷಣೆಗೆ ಬೇಕಾದ 240 ದಿನ ನೀವು ದುಡಿದೇ ಇಲ್ಲ ಅನ್ನುವುದು ಮಾಲೀಕರ ತಕರಾರು. ಎರಡೂ ಕಡೆ ಸಾಕ್ಷ್ಯ ಮುಗಿದು ಕೇಸು ವಾದಕ್ಕೆ ನಿಂತಿದೆ. ಈಗ ನಿಮ್ಮ ಜೊತೆ ದುಡಿದ ಚನ್ನಗಿರಿ ಕಡೆಯ ಹಮಾಲರೊಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ.

ತಗೊಳ್ಳಬಹುದು. ಆದರೆ ಅದು ನಿಮ್ಮ ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಕೈಗಾರಿಕಾ ವಿವಾದ ಕಾಯ್ದೆ 1947ರ ಸೆಕ್ಷನ್ 11(1) ಲೇಬರ್ ಕೋರ್ಟಿಗೆ ತನಗೆ ಸರಿ ಕಂಡ ಕ್ರಮ ಅನುಸರಿಸುವ ಸ್ವಾತಂತ್ರ್ಯ ಕೊಟ್ಟಿದೆ. 11(3)ರಲ್ಲಿ ಸಾಕ್ಷಿಯನ್ನು ಕರೆಸಿ ಪ್ರಮಾಣ ಮಾಡಿಸಿ ವಿಚಾರಿಸುವ, ದಾಖಲೆ ತರಿಸುವ, ಸಾಕ್ಷಿ ಇದ್ದಲ್ಲೇ ಹೇಳಿಕೆ ಪಡೆಯಲು ಕಮಿಷನ್ ಕಳಿಸುವ ಸಿವಿಲ್ ಕೋರ್ಟಿನ ಅಧಿಕಾರವಿದೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದರೂ ಈ ಅಧಿಕಾರಗಳ ತಿರುಳು ಅದರಲ್ಲೂ ಉಳಿದಿದೆ.

ನಿಮ್ಮ ವಕೀಲರು ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 18 ರೂಲ್ 17ರ ಕೆಳಗೆ ಅರ್ಜಿ ಹಾಕೋಣ ಅಂದಿದ್ದಾರೆ ಅಂತ ಬರೆದಿದ್ದೀರಿ. ಅದು ಈಗಾಗಲೇ ಸಾಕ್ಷಿ ನುಡಿದವರನ್ನು ಮತ್ತೆ ಕರೆಸುವ ನಿಯಮ. ನಿಮ್ಮವರು ಹೊಸಬರು. ಅವರಿಗೆ ಎರಡು ಐ.ಎ. (ಮಧ್ಯಂತರ ಅರ್ಜಿ) ಬೇಕು: ಮುಗಿದ ಸಾಕ್ಷ್ಯದ ಹಂತವನ್ನು ಮತ್ತೆ ತೆರೆಯಲು ಸಿಪಿಸಿಯ ಸೆಕ್ಷನ್ 151ರ ಕೆಳಗೆ ಒಂದು, ಪಟ್ಟಿಯಲ್ಲಿಲ್ಲದ ಸಾಕ್ಷಿಗೆ ಅನುಮತಿ ಕೇಳಲು ಆರ್ಡರ್ 16 ರೂಲ್ 1(3)ರ ಕೆಳಗೆ ಇನ್ನೊಂದು. ತಪ್ಪು ಸೆಕ್ಷನ್ ಹಾಕಿದ ಮಾತ್ರಕ್ಕೆ ಅರ್ಜಿ ಸಾಯುವುದಿಲ್ಲ ನಿಜ, ಆದರೆ ಎದುರು ವಕೀಲರಿಗೆ ಆಕ್ಷೇಪಣೆಯ ಮೊದಲ ಪ್ಯಾರಾ ಪುಕ್ಕಟೆ ಸಿಗುತ್ತದೆ. ಕೆ.ಕೆ. ವೇಲುಸಾಮಿ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟು 151ರ ಬಾಗಿಲು ತೆರೆದಿಟ್ಟಿತು. ಕೇಸಿನ ತೂತು ಮುಚ್ಚಲು, ಕಾಲ ತಳ್ಳಲು ಅದನ್ನು ಬಳಸುವಂತಿಲ್ಲ ಅಂತಲೂ ಹೇಳಿತು.

ಹಾಗಾಗಿ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಇವರನ್ನು ಆಗ ಯಾಕೆ ಕರೆತರಲಿಲ್ಲ? 'ಕಣ್ತಪ್ಪಿನಿಂದ', 'ಅನಿವಾರ್ಯ ಕಾರಣಗಳಿಂದ' ಅಂತ ಬರೆದ ಅಫಿಡವಿಟ್ಟುಗಳೇ ಹೆಚ್ಚಾಗಿ ಬೀಳುವುದು. ನಿಮ್ಮಲ್ಲಿ ನಿಜವಾದ ಕಾರಣವಿದೆ, ಅದನ್ನೇ ತಿಂಗಳು ಸಮೇತ ಬರೆಯಿರಿ: 'ಸದರಿ ಸಾಕ್ಷಿದಾರರು ಕಳೆದ ತಿಂಗಳವರೆಗೂ ಎರಡನೇ ಪಕ್ಷಕಾರರ ಗಿರಣಿಯಲ್ಲೇ ಕೆಲಸಕ್ಕಿದ್ದು, ಕೆಲಸ ಹೋಗುವ ಭಯದಿಂದ ಸಾಕ್ಷಿ ನುಡಿಯಲು ಒಪ್ಪಿರಲಿಲ್ಲ. ಈಗ ಕೆಲಸ ಬಿಟ್ಟಿರುತ್ತಾರೆ.' ಅವರು ಕೆಲಸ ಬಿಟ್ಟದ್ದಕ್ಕೆ ಕೊನೆಯ ಸಂಬಳದ ಚೀಟಿಯೋ, ಪಿಎಫ್ ಪಾಸ್‌ಬುಕ್ಕೋ ಇದ್ದರೆ ಲಗತ್ತಿಸಿ. ಅವರು ಒಪ್ಪಿದ ಮೇಲೆ ಎರಡು ವಾಯಿದೆ ಸುಮ್ಮನೆ ಕಳೆದು ಆಮೇಲೆ ಅರ್ಜಿ ಹಾಕಿದರೆ ಈ ಕಾರಣವೂ ಹಳಸುತ್ತದೆ. ಮುಂದಿನ ದಿನಾಂಕಕ್ಕೇ ಹಾಕಿ. ವಾದ ಮುಗಿದು ಕೇಸು 'ಆದೇಶಕ್ಕೆ' ಹೋದರೆ ಇನ್ನೂ ಕಷ್ಟ. ಆರ್ಡರ್ ಶೀಟಿನಲ್ಲಿ (ಪ್ರತಿ ದಿನಾಂಕದ ಕಲಾಪ ಬರೆಯುವ ಹಾಳೆ) ಯಾವ ಹಂತ ಬರೆದಿದ್ದಾರೆ ಅಂತ ಇವತ್ತೇ ನೋಡಿ.

ಎರಡನೆಯದು, ಇವರ ಮಾತಿನಿಂದ ಏನು ಸಾಬೀತಾಗುತ್ತದೆ. ಅದೇ 1947ರ ಕಾಯ್ದೆಯ ಸೆಕ್ಷನ್ 25ಬಿ ಕೇಳುವಂತೆ ಕೆಲಸ ಹೋಗುವ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದದ್ದನ್ನು ತೋರಿಸುವ ಹೊಣೆ ಕಾರ್ಮಿಕನದು. ನಮ್ಮ ರಾಜ್ಯದಿಂದಲೇ ಹೋದ ರೇಂಜ್ ಫಾರೆಸ್ಟ್ ಆಫೀಸರ್ ಪ್ರಕರಣದಲ್ಲಿ (2002) ಕಾರ್ಮಿಕನ ಸ್ವಂತ ಅಫಿಡವಿಟ್ಟೊಂದೇ ಸಾಲದು ಅಂತ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಅರ್ಜಿಗೆ ಇದಕ್ಕಿಂತ ಒಳ್ಳೆ ಆಧಾರ ಬೇಡ: ಈ ಸಾಕ್ಷಿ ಅಲಂಕಾರಕ್ಕಲ್ಲ, ಕೇಸಿನ ಬುಡಕ್ಕೇ ಬೇಕು. ಅದರ ಜೊತೆಗೇ ಹಾಜರಿ ಪುಸ್ತಕ, ಪಗಾರ ರಿಜಿಸ್ಟರ್ ಹಾಜರುಪಡಿಸಲು ಗಿರಣಿಗೆ ನಿರ್ದೇಶನ ಕೇಳಿ ಇನ್ನೊಂದು ಐ.ಎ. ಹಾಕಿ. ಅವರು ತರದಿದ್ದರೆ ತಾನಾಗಿಯೇ ನಿಮ್ಮ ಪರ ತೀರ್ಪಾಗುವುದಿಲ್ಲ, ಆದರೆ ಹಮಾಲರ ಮಾತಿಗೆ ತೂಕ ಬರುತ್ತದೆ. ಕ್ಲೇಮ್ ಸ್ಟೇಟ್‌ಮೆಂಟಿನಲ್ಲಿ (ನೀವು ಕೋರ್ಟಿಗೆ ಮೊದಲು ಕೊಟ್ಟ ಹೇಳಿಕೆ) ಇಲ್ಲದ ಹೊಸ ಸಂಗತಿಯನ್ನು ಮಾತ್ರ ಅವರ ಬಾಯಿಂದ ಹೇಳಿಸಲು ಹೋಗಬೇಡಿ.

ಅರ್ಜಿಯ ಜೊತೆಗೇ ಅವರ ಮುಖ್ಯ ವಿಚಾರಣೆಯ ಪ್ರಮಾಣಪತ್ರ (ಸಾಕ್ಷಿ ಹೇಳಿಕೆಯ ಅಫಿಡವಿಟ್ಟು) ಇರಲಿ. ಅದು ಕನ್ನಡದಲ್ಲಿರಲಿ, ಅವರೇ ಹೇಳಿದಂತಿರಲಿ: ಯಾವ ಪಾಳಿ, ಯಾವ ಗೋದಾಮು, ನಿಮ್ಮನ್ನು ವಾರಕ್ಕೆ ಎಷ್ಟು ದಿನ ನೋಡುತ್ತಿದ್ದರು, ಬಟವಾಡೆ ಯಾವ ದಿನ, ಯಾರ ಕೈಯಿಂದ. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿಸಿದರೆ ಪಾಟೀಸವಾಲಿನ ಮೊದಲ ಪ್ರಶ್ನೆಯೇ 'ಇದರಲ್ಲಿ ಏನು ಬರೆದಿದೆ ಗೊತ್ತೇನ್ರಿ?' ಅಂತ ಬರುತ್ತದೆ. 'ವಕೀಲರು ಬರೆಸಿದ್ರು, ಸಹಿ ಮಾಡ್ದೆ' ಅಂದರೆ ಮುಗಿಯಿತು. ನಿಮ್ಮ ಪ್ರಮಾಣಪತ್ರವನ್ನೇ ಹೆಸರು ಬದಲಿಸಿ ನಕಲು ಮಾಡುವುದೂ ಅಷ್ಟೇ ಅಪಾಯ. ಅವರಿಗೆ ಗಿರಣಿಯ ಮೇಲೆ ಸ್ವಂತ ತಗಾದೆ ಇದ್ದರೆ, ನಿಮಗೆ ಸಂಬಂಧಿಕರಾಗಿದ್ದರೆ ನೀವೇ ಮುಂಚೆ ಹೇಳಿಬಿಡಿ.

ಅರ್ಜಿಯ ಕೊನೆಗೆ ಎರಡು ಸಾಲು ಸೇರಿಸಿ: ಒಂದೇ ವಾಯಿದೆಯಲ್ಲಿ ಸಾಕ್ಷಿ ಮುಗಿಸುತ್ತೇವೆ, ಎರಡನೇ ಪಕ್ಷಕಾರರಿಗೆ ಪಾಟೀಸವಾಲು ಮತ್ತು ಪ್ರತಿಸಾಕ್ಷ್ಯಕ್ಕೆ ಅವಕಾಶ ಕೊಡಲು ನಮ್ಮ ಅಡ್ಡಿಯಿಲ್ಲ. ಆಮೇಲೆ ಆ ದಿನ ಸಾಕ್ಷಿಯನ್ನು ಕೋರ್ಟಿನ ಹೊರಗೆ ಕೂರಿಸಿಕೊಂಡಿರಿ. ಅರ್ಜಿ ಮಂಜೂರಾಗಿ ಸಾಕ್ಷಿ ಬಾರದೆ ಹೋದರೆ ಮತ್ತೊಂದು ಅವಕಾಶ ಕೇಳುವ ಮುಖ ಇರುವುದಿಲ್ಲ. ತಡಮಾಡಿದ್ದಕ್ಕೆ ಕಾಸ್ಟ್ (ಖರ್ಚಿನ ಹಣ) ಹಾಕಿದರೆ ಜಗಳ ಬೇಡ, ಕಟ್ಟಿ.

ಮಾಲೀಕರಿಗೂ ತಡವಾಗಿ ಸಾಕ್ಷಿ ತರಲು ಬರುತ್ತದಾ ಅಂತಲೂ ಕೇಳಿದ್ದೀರಿ. ಆಂತರಿಕ ವಿಚಾರಣೆ ನಡೆಸಿ ವಜಾ ಮಾಡಿದ ಕೇಸುಗಳಲ್ಲಿ ಅವರಿಗೆ ಇನ್ನೂ ಬಿಗಿ. ಆ ವಿಚಾರಣೆ ಸರಿಯಿಲ್ಲ ಅಂತ ಕೋರ್ಟು ಹೇಳಿದರೆ ಆರೋಪವನ್ನು ಕೋರ್ಟಿನಲ್ಲೇ ಸಾಬೀತು ಮಾಡುವ ಅವಕಾಶವನ್ನು ಅವರು ತಮ್ಮ ಲಿಖಿತ ಹೇಳಿಕೆಯಲ್ಲೇ ಕೇಳಿಟ್ಟಿರಬೇಕು. ಕೆಎಸ್‌ಆರ್‌ಟಿಸಿ ವಿರುದ್ಧ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ ಸಂವಿಧಾನ ಪೀಠ 2001ರಲ್ಲಿ ಹೀಗೆ ತೀರ್ಮಾನಿಸಿದೆ. ಕೋರ್ಟು ತಾನಾಗಿ ಸಾಕ್ಷ್ಯ ತರಿಸುವ ಅಧಿಕಾರವನ್ನು ಮಾತ್ರ ಕೈಬಿಟ್ಟಿಲ್ಲ. ನಿಮ್ಮಲ್ಲಿ ವಿಚಾರಣೆಯೇ ನಡೆದಿಲ್ಲ, ಹಾಗಾಗಿ ಇದು ನೇರವಾಗಿ ತಟ್ಟುವುದು ಕಡಿಮೆ.

ಅರ್ಜಿ ವಜಾ ಆದರೆ ಹೈಕೋರ್ಟಿಗೆ ಸಂವಿಧಾನದ 227ನೇ ವಿಧಿಯ ರಿಟ್ ಹಾಕಬಹುದು. ದಾವಣಗೆರೆ, ಚಿತ್ರದುರ್ಗದವರು ಹೋಗಬೇಕಾದ್ದು ಧಾರವಾಡ ಪೀಠಕ್ಕಲ್ಲ, ಬೆಂಗಳೂರಿಗೆ. ನನ್ನ ಸಲಹೆ ಬೇರೆ: ಮಧ್ಯಂತರ ಆದೇಶಕ್ಕೆಲ್ಲ ರಿಟ್ ಹಾಕಿದರೆ ಮೂಲ ಕೇಸು ನಿಲ್ಲುತ್ತದೆ, ಅದರಿಂದ ಲಾಭ ಮಾಲೀಕರಿಗೇ. ವಜಾ ಆದೇಶದ ದೃಢೀಕೃತ ನಕಲು ತೆಗೆದಿಟ್ಟುಕೊಂಡು ವಾದ ಮುಗಿಸಿ. ಅವಾರ್ಡು (ಲೇಬರ್ ಕೋರ್ಟಿನ ಅಂತಿಮ ತೀರ್ಪು) ನಿಮ್ಮ ವಿರುದ್ಧ ಬಂದರೆ ಅದನ್ನು ಪ್ರಶ್ನಿಸುವ ರಿಟ್ಟಿನಲ್ಲೇ ಇದನ್ನೂ ಒಂದು ಕಾರಣವಾಗಿ ಎತ್ತಬಹುದು.