ಸ್ವಿಫ್ಟ್‌ಗೆ ಹೊಸ ಸ್ಪ್ರಿಂಗ್ ಹಾಕಿಸುವ ಮೊದಲು ಹಳೇ ಶಾಕ್ ಅಬ್ಸಾರ್ಬರ್ ಕಡೆ ನೋಡಿ

ನೀವು ಕೇಳಿರುವುದನ್ನು ಮೊದಲು ಒಟ್ಟಿಗೆ ಇಟ್ಟುಕೊಳ್ಳೋಣ. 2018ರ ಪೆಟ್ರೋಲ್ ಸ್ವಿಫ್ಟ್, ಎಂಬತ್ತು ಸಾವಿರ ಕಿ.ಮೀ. ದಾಟಿದೆ. ವಾರವೆಲ್ಲ ಬೆಂಗಳೂರಿನಲ್ಲಿ ಆಫೀಸು, ತಿಂಗಳಿಗೆ ಎರಡು ಸಲ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಮೂಡಿಗೆರೆ ಕಡೆ ಊರಿಗೆ. ಜನ ತುಂಬಿದಾಗ ಹಂಪ್‌ಗಳಲ್ಲಿ ತಳ ಉಜ್ಜುತ್ತೆ, ಹೈವೇಯಲ್ಲಿ ಹಿಂಭಾಗ ತೇಲಿದ ಹಾಗೆ ಆಗುತ್ತೆ. ಮೆಕ್ಯಾನಿಕ್ ಸ್ಪ್ರಿಂಗ್ ಬಫರ್ (ಸ್ಪ್ರಿಂಗಿನ ಸುತ್ತುಗಳ ನಡುವೆ ಇಡುವ ರಬ್ಬರ್) ಹಾಕಿಸಿ ಅಂದಿದ್ದಾರೆ, ಗೆಳೆಯರು ಗಾಡಿಯನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಜೊತೆ 17 ಇಂಚಿನ ಅಲಾಯ್ ಅಂದಿದ್ದಾರೆ, ನಿಮ್ಮ ಕಣ್ಣು ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಿಯಾಗಿ ಬರುವ ಕಿಟ್) ಮೇಲಿದೆ. ಯಾವುದು ಹಾಕಿಸಲಿ ಅಂತ ಕೇಳಿದ್ದೀರಿ.

ನಿಮ್ಮ ಓಡಾಟಕ್ಕೆ ಈ ಮೂರೂ ಬೇಡ. ಕಂಪನಿ ಎತ್ತರದ ಸ್ಪ್ರಿಂಗನ್ನೇ ಇಟ್ಟುಕೊಳ್ಳಿ, ನಾಲ್ಕೂ ಶಾಕ್ ಅಬ್ಸಾರ್ಬರ್ ಒಳ್ಳೆಯದು ಹಾಕಿಸಿ, ಸವೆದ ರಬ್ಬರ್ ಭಾಗಗಳನ್ನೆಲ್ಲ ಅದರ ಜೊತೆಗೇ ಬದಲಿಸಿ. ಇಷ್ಟು ಮಾಡಿಸಿದರೆ ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದು ಪೂರ್ತಿ ಹೋಗುತ್ತೆ, ಇನ್ನೊಂದು ತುಂಬಾ ಕಡಿಮೆ ಆಗುತ್ತೆ. ಯಾಕೆ ಅಂತ ವಿವರವಾಗಿ ಹೇಳ್ತೀನಿ. ಕಾರಣ ಗೊತ್ತಿಲ್ಲದಿದ್ದರೆ ಅಂಗಡಿಯವರು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡ್ತೀರಿ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುತ್ತೆ, ಅಷ್ಟೇ. ಒಳಗೆ ಎಣ್ಣೆ ಇರುತ್ತೆ, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ವಾಲ್ವ್ ಇರುತ್ತವೆ. ಗಾಡಿ ಮೇಲೆ ಕೆಳಗೆ ಆದಾಗ ಎಣ್ಣೆ ಆ ಸಂದಿಯಲ್ಲಿ ನುಗ್ಗಬೇಕು, ಆ ತಿಕ್ಕಾಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಹೊರಟುಹೋಗುತ್ತೆ. ವಾಲ್ವ್ ಸವೆದರೆ, ಎಣ್ಣೆ ಸೋರಿದರೆ, ಗಾಡಿ ತೂಗಿ ಬಿಟ್ಟ ತೊಟ್ಟಿಲಿನ ಹಾಗೆ ತನಗೆ ತಾನೇ ನಿಲ್ಲುವವರೆಗೆ ಆಡುತ್ತಲೇ ಇರುತ್ತೆ. ಹೈವೇಯಲ್ಲಿ ಹಿಂಭಾಗ ತೇಲುತ್ತೆ ಅಂದಿರಲ್ಲ, ಅದು ಇದೇ. ಎಂಬತ್ತು ಸಾವಿರ ಕಿ.ಮೀ. ನಮ್ಮ ಗುಂಡಿಗಳಲ್ಲಿ ಓಡಿದ ಶಾಕ್ ಅಬ್ಸಾರ್ಬರ್ ಹೊಸದರ ಹಾಗೆ ಉಳಿದಿರುವುದು ಅಪರೂಪ. ಇದು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಳಾಗುವುದರಿಂದ ದಿನಾ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ದುಡ್ಡು ಖರ್ಚು ಮಾಡಬೇಕಿಲ್ಲ. ಚಕ್ರದ ಹಿಂದೆ ಟಾರ್ಚ್ ಬಿಟ್ಟು ಶಾಕ್ ಅಬ್ಸಾರ್ಬರ್ ಮೈ ನೋಡಿ. ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಚಿಂತೆ ಬೇಡ. ಎಣ್ಣೆ ಕೆಳಗಿನವರೆಗೂ ಇಳಿದು ಧೂಳು ಮೆತ್ತಿಕೊಂಡು ಕಪ್ಪು ಪಟ್ಟಿಯಾಗಿದ್ದರೆ ಅದು ಮುಗಿದಿದೆ. ಟೈರ್ ಮೇಲೆ ಸುತ್ತಲೂ ಕೈಯಾಡಿಸಿ, ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿದೆ ಅಂತ ಅರ್ಥ. ಹಂಪ್ ಇಳಿದ ಮೇಲೆ ಗಾಡಿ ಒಂದು ಸಲ ಏರಿ ಇಳಿದು ನಿಲ್ಲಬೇಕು; ಎರಡನೇ ಸಲವೂ ತೂಗಿದರೆ ಕಡಿವಾಣ ಹೋಗಿದೆ. ಬಾನೆಟ್ ಮೂಲೆಯನ್ನು ಕೈಯಿಂದ ಒತ್ತಿ ನೋಡುವ ಪರೀಕ್ಷೆಯನ್ನು ಮಾತ್ರ ಪೂರ್ತಿ ನಂಬಬೇಡಿ. ತೀರಾ ಹಾಳಾದದ್ದು ಅದರಲ್ಲಿ ಸಿಕ್ಕಿಬೀಳುತ್ತೆ, ಅರ್ಧ ಸವೆದದ್ದು ತಪ್ಪಿಸಿಕೊಳ್ಳುತ್ತೆ.

ಹಂಪ್ ವಿಷಯಕ್ಕೆ ಬರೋಣ, ಇಲ್ಲಿ ಲೆಕ್ಕ ಕುತೂಹಲದ್ದು. ರಸ್ತೆ ಕಟ್ಟುವ ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂಥದ್ದು. ಸ್ವಿಫ್ಟ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ 2.45 ಮೀಟರ್. ಅಂದರೆ ಸರಿಯಾಗಿ ಕಟ್ಟಿದ ಹಂಪಿನ ಅಗಲ ಈ ದೂರಕ್ಕಿಂತ ಹೆಚ್ಚು. ನಾಲ್ಕೂ ಚಕ್ರ ಅದರ ಬೆನ್ನ ಮೇಲೇ ಇರುವಾಗ ಹೊಟ್ಟೆಯ ಕೆಳಗೆ ಉಬ್ಬು ಬರುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) 163 ಮಿ.ಮೀ., ಅದಕ್ಕೆ ಧಾರಾಳ ಸಾಕು. ಆದರೆ ಊರಿನ ಬಾಗಿಲಲ್ಲಿ, ಶಾಲೆಯ ಮುಂದೆ, ಯಾರೋ ರಾತ್ರೋರಾತ್ರಿ ಟಾರ್ ಸುರಿದು ಮಾಡಿದ ಎರಡಡಿ ಅಗಲದ ದಿಬ್ಬ ಬೇರೆಯದೇ ಲೆಕ್ಕ. ಮುಂದಿನ ಚಕ್ರ ದಾಟಿ ನೆಲಕ್ಕಿಳಿದಿರುತ್ತೆ, ಹಿಂದಿನ ಚಕ್ರ ಇನ್ನೂ ಹತ್ತಿರುವುದಿಲ್ಲ, ಇಡೀ ದಿಬ್ಬ ಹೊಟ್ಟೆಯ ಕೆಳಗೆ. ಅದು ಆರು ಇಂಚು ಇದ್ದರೆ 163 ಮಿ.ಮೀ.ನಲ್ಲಿ ಉಳಿಯುವುದು ಒಂದು ಬೆರಳಗಲ. ಹಿಂದೆ ಮೂವರು, ಡಿಕ್ಕಿ ತುಂಬ ಸಾಮಾನು ಇದ್ದಾಗ ಅದೂ ಇರುವುದಿಲ್ಲ.

ಇದರ ಮೇಲೆ ಶಾಕ್ ಅಬ್ಸಾರ್ಬರ್ ಹಾಳಾಗಿದ್ದರೆ ಇನ್ನೊಂದು ಪೆಟ್ಟು. ಮುಂದಿನ ಚಕ್ರ ದಿಬ್ಬದಿಂದ ಇಳಿದಾಗ ಮೂತಿ ತಡೆಯಿಲ್ಲದೆ ಕುಸಿಯುತ್ತೆ, ಸರಿಯಾಗಿ ಅದೇ ಹೊತ್ತಿಗೆ ಹೊಟ್ಟೆ ದಿಬ್ಬದ ಮೇಲಿರುತ್ತೆ. ಹೊಸ ಶಾಕ್ ಅಬ್ಸಾರ್ಬರ್ ಗಾಡಿಯ ಎತ್ತರ ಹೆಚ್ಚಿಸುವುದಿಲ್ಲ, ಈ ಕುಸಿತವನ್ನು ತಡೆಯುತ್ತೆ. ನಿಂತಲ್ಲೇ ತಾಗುವಷ್ಟು ಎತ್ತರದ ದಿಬ್ಬಕ್ಕೆ ಯಾವ ಶಾಕ್ ಅಬ್ಸಾರ್ಬರ್ ಬಂದರೂ ಪ್ರಯೋಜನ ಇಲ್ಲ. ಅಲ್ಲಿ ಗಾಡಿಯನ್ನು ಓರೆಯಾಗಿ ತಂದು ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು, ಹಿಂದೆ ಕೂತವರು ಇಳಿಯುವುದೂ ನಾಚಿಕೆಯ ಮಾತಲ್ಲ.

ಸ್ಪ್ರಿಂಗ್ ಬಫರ್ ಬಗ್ಗೆ ಮೆಕ್ಯಾನಿಕ್ ಹೇಳಿದ್ದು ಯಾಕೆ ಅಂತ ಅರ್ಥವಾಗುತ್ತೆ. ಅಗ್ಗ, ಅರ್ಧ ಗಂಟೆಯ ಕೆಲಸ, ಹಾಕಿದ ದಿನವೇ ಹಿಂಭಾಗ ಎತ್ತಿದ ಹಾಗೆ ಕಾಣುತ್ತೆ. ಆದರೆ ಅದು ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ತುರುಕುವ ರಬ್ಬರ್ ತುಂಡು. ಆ ಸುತ್ತುಗಳು ಕೆಲಸ ನಿಲ್ಲಿಸುತ್ತವೆ, ಅವುಗಳ ಪಾಲಿನ ದುಡಿಮೆ ಉಳಿದ ಸುತ್ತುಗಳ ಮೇಲೆ ಬೀಳುತ್ತೆ. ಮಲೆನಾಡಿನ ಮಳೆಯಲ್ಲಿ ರಬ್ಬರಿನ ಕೆಳಗೆ ಕೆಸರು ನಿಂತು, ಬಣ್ಣ ಉಜ್ಜಿಹೋಗಿ, ಸ್ಪ್ರಿಂಗ್ ತುಕ್ಕು ಹಿಡಿಯುವುದು ಅಲ್ಲಿಂದಲೇ. ನಿಮ್ಮ ವಿಷಯದಲ್ಲಿ ಇನ್ನೂ ದೊಡ್ಡ ಆಕ್ಷೇಪ ಇದೆ. ಬಫರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ. ಗಟ್ಟಿ ಸ್ಪ್ರಿಂಗನ್ನು ಹಿಡಿದಿಡಲು ಹೆಚ್ಚು ಬಲದ ಶಾಕ್ ಅಬ್ಸಾರ್ಬರ್ ಬೇಕು, ನಿಮ್ಮಲ್ಲಿರುವುದು ಇರುವ ಸ್ಪ್ರಿಂಗನ್ನೇ ಹಿಡಿಯಲಾರದ ಸ್ಥಿತಿಯಲ್ಲಿದೆ. ತೇಲಾಟ ಹೆಚ್ಚಾಗುತ್ತೆ, ಅದೂ ಹಿಂದಿನ ಸೀಟಿನಲ್ಲಿ ಕೂತ ಅಪ್ಪ-ಅಮ್ಮನಿಗೆ.

ಲೋವರಿಂಗ್ ಸ್ಪ್ರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಗಾಡಿಯನ್ನು ಸಾಮಾನ್ಯವಾಗಿ ಮೂರು ಸೆಂ.ಮೀ. ಆಸುಪಾಸು ಇಳಿಸುತ್ತೆ, ನಿಮ್ಮ ತಕರಾರೇ ತಳ ತಾಗುತ್ತೆ ಅನ್ನೋದು. ನುಣುಪಾದ ರಸ್ತೆಯಲ್ಲಿ, ಅದಕ್ಕೆಂದೇ ಗಿಡ್ಡ ಮಾಡಿದ ಶಾಕ್ ಅಬ್ಸಾರ್ಬರ್ ಜೊತೆಗೆ ಹಾಕಿದರೆ ಗಾಡಿ ತಿರುವಿನಲ್ಲಿ ಚೆಂದ ನಿಲ್ಲುತ್ತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಟ್ಟಿಗೆಹಾರದ ಆಚೀಚಿನ ಎಸ್ಟೇಟ್ ದಾರಿಗಳಿಗೆ ಅದು ಆಗಿಬರುವುದಿಲ್ಲ.

ಕಾಯಿಲ್‌ಓವರ್ ಎತ್ತರ ಹೊಂದಿಸಿಕೊಳ್ಳಬಹುದಾದ ಜೋಡಿ ಅನ್ನೋದು ನಿಜ. ಆದರೆ ಹೊಂದಿಸುವ ತಿರುಪಿನ ಥ್ರೆಡ್ ಚಕ್ರದ ಪಕ್ಕದಲ್ಲೇ ಇರುತ್ತೆ, ನಮ್ಮ ಮಳೆಗಾಲದ ಕೆಸರು ನೀರು ನೇರ ಅಲ್ಲಿಗೇ ಎರಚುತ್ತೆ. ಬಿಡಿಸಿ ತೊಳೆದು ಗ್ರೀಸ್ ಹಚ್ಚುವ ಶ್ರದ್ಧೆ ಇಲ್ಲದಿದ್ದರೆ ಅದು ಕಚ್ಚಿಕೊಂಡು ಅಲುಗಾಡದಂತಾಗುತ್ತೆ. ಕೆಲವು ಕಿಟ್‌ಗಳಲ್ಲಿ ಮೇಲಿನ ರಬ್ಬರ್ ಮೌಂಟ್ ಬದಲು ಲೋಹದ ಗುಂಡು ಜಾಯಿಂಟ್ ಇರುತ್ತೆ. ಸ್ಟೇರಿಂಗ್ ಚುರುಕಾಗುತ್ತೆ, ರಸ್ತೆಯ ಪ್ರತಿ ಕಲ್ಲಿನ ಸದ್ದೂ ಕ್ಯಾಬಿನ್ನಿಗೆ ಬರುತ್ತೆ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಇದು ಸರಿ. ನಿಮ್ಮ ಮನೆಯವರಿಗೆ ಇದು ಶಿಕ್ಷೆ.

ಇನ್ನು ಕೊಳ್ಳುವುದು ಏನನ್ನು? ಮೊದಲ ಆಯ್ಕೆ ಕಂಪನಿಯದೇ ಭಾಗ, ಅಥವಾ ಗೇಬ್ರಿಯಲ್, ಕೆವೈಬಿ, ಮನ್ರೋ ಥರದ ಹೆಸರುಗಳಲ್ಲಿ ನಿಮ್ಮ ಮಾಡೆಲ್ಲಿಗೆ ಅಂತ ಪಾರ್ಟ್ ನಂಬರ್ ಇರುವುದು. ಗ್ಯಾಸ್ ತುಂಬಿದ ಎರಡು ಕೊಳವೆಯದು ನಿಮ್ಮ ಓಡಾಟಕ್ಕೆ ಸರಿ. ಗ್ಯಾಸ್ ಇರುವುದು ಎಣ್ಣೆ ನೊರೆಯಾಗದಂತೆ ಒತ್ತಿ ಹಿಡಿಯಲು. ಘಟ್ಟದ ರಸ್ತೆಯಲ್ಲಿ ಗುಂಡಿ ಮೇಲೆ ಗುಂಡಿ ಬಂದಾಗ ಬರೀ ಎಣ್ಣೆಯದ್ದು ಬೇಗ ಸುಸ್ತಾಗುತ್ತೆ. ಒಂದೇ ಕೊಳವೆಯ ಮೊನೊಟ್ಯೂಬ್ ಬಿಸಿಯನ್ನು ಇನ್ನೂ ಬೇಗ ಹೊರಹಾಕುತ್ತೆ, ತಿರುವಿನಲ್ಲಿ ಹಿಡಿತ ಗಟ್ಟಿ. ಅದರ ದೋಷವೂ ಗೊತ್ತಿರಲಿ: ಪಿಸ್ಟನ್ ಓಡಾಡುವುದು ಹೊರಗಿನ ಕೊಳವೆಯಲ್ಲೇ, ಹಾಗಾಗಿ ಕಲ್ಲು ಹೊಡೆದು ತಗ್ಗಾದರೆ ಅಲ್ಲಿಗೇ ಕಚ್ಚುತ್ತೆ. ಮೆಲ್ಲಗೆ ಹೋಗುವಾಗ ಸಣ್ಣ ಉಬ್ಬುಗಳಲ್ಲಿ ಬಿರುಸು ಅನ್ನಿಸುವುದೂ ಇದೆ.

ಬಿಲ್‌ಸ್ಟೈನ್ ಬ್ರ್ಯಾಂಡಿನ ಶಾಕ್ ಅಬ್ಸಾರ್ಬರ್ ನೋಡುವ ಆಸೆ ಇದ್ದರೆ ಅವರ ಅಂಕಿಗಳನ್ನು ಸರಿಯಾಗಿ ಓದಿ. ಬಿ4 ಕಂಪನಿಯದರ ಬದಲಿಗೆ ಹಾಕುವಂಥದ್ದು, ಬಿ6 ಕಂಪನಿ ಎತ್ತರದ ಸ್ಪ್ರಿಂಗಿಗೆ ಬಿಗಿ ಹಿಡಿತದ್ದು, ಬಿ8 ಇಳಿಸಿದ ಗಾಡಿಗೆಂದು ಗಿಡ್ಡ ಮಾಡಿದ್ದು. ಎತ್ತರ ಇಳಿಸದ ಗಾಡಿಗೆ ಬಿ8 ಬೇಡವೇ ಬೇಡ. ಸ್ವಿಫ್ಟ್ ಅನ್ನೋ ಹೆಸರು ನೋಡಿ ಜಪಾನಿನ ಸ್ವಿಫ್ಟ್ ಸ್ಪೋರ್ಟ್ ಭಾಗ ತರಿಸಬೇಡಿ, ಅದರ ಸ್ಪ್ರಿಂಗೇ ಬೇರೆ, ವಾಲ್ವ್ ಹೊಂದಿಸಿರುವುದು ಆ ಸ್ಪ್ರಿಂಗಿಗೆ.

ಸ್ಪ್ರಿಂಗನ್ನು ಸುಮ್ಮನೆ ಗಟ್ಟಿ ಮಾಡಬಾರದು ಅನ್ನೋದಕ್ಕೆ ಒಂದು ಲೆಕ್ಕ. ಸಾಮಾನ್ಯ ಕಾರು ತನ್ನ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವ ಹಾಗೆ ಮಾಡಿರುತ್ತಾರೆ, ನಾವು ನಡೆಯುವಾಗ ಮೈ ಆಡುವ ಲಯಕ್ಕೆ ಅದು ಹತ್ತಿರ ಅಂತ. ಸ್ಪ್ರಿಂಗ್ ಶೇ 30ರಷ್ಟು ಗಟ್ಟಿಯಾದರೆ ಆ ತೂಗಾಟ ಶೇ 14ರಷ್ಟು ಚುರುಕಾಗುತ್ತೆ. ಕೇಳಲು ಕಡಿಮೆ, ಐದು ಗಂಟೆ ಕೂತ ಸೊಂಟಕ್ಕೆ ಕಡಿಮೆ ಅಲ್ಲ.

ಶಾಕ್ ಅಬ್ಸಾರ್ಬರ್ ಬದಲಿಸುವ ದಿನ ಮುಂದಿನ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರ್ ಜೋಡಣೆಯನ್ನು ಗಾಡಿಯ ಮೈಗೆ ಹಿಡಿಸುವ ರಬ್ಬರ್ ಭಾಗ), ಅದರ ಬೇರಿಂಗ್, ಬಂಪ್ ಸ್ಟಾಪರ್ (ಗಾಡಿ ತೀರಾ ಕುಸಿದಾಗ ತಡೆಯುವ ರಬ್ಬರ್), ಧೂಳು ತಡೆಯುವ ಬೂಟು ಹೊಸದೇ ಹಾಕಿಸಿ. ಹೇಗೂ ಎಲ್ಲ ಬಿಚ್ಚಿರುತ್ತಾರೆ, ಕೂಲಿ ಎರಡು ಸಲ ಯಾಕೆ? ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳಿನ ರಬ್ಬರ್) ಮತ್ತು ಲಿಂಕ್ ರಾಡ್ (ಗಾಡಿ ವಾಲುವುದನ್ನು ತಡೆಯುವ ಕಂಬಿಗೆ ಜೋಡಿಸಿದ ಸರಳು) ಅಲುಗಾಡಿಸಿ ನೋಡಲು ಹೇಳಿ, ಎಷ್ಟೋ ಗಾಡಿಗಳ ಕಟಕಟ ಸದ್ದು ಲಿಂಕ್ ರಾಡಿನದ್ದು. ಒಂದೇ ಕಡೆ ಬದಲಿಸುವುದು ಬೇಡ, ಮುಂದಿನ ಎರಡು ಅಥವಾ ಹಿಂದಿನ ಎರಡು ಜೋಡಿಯಾಗಿಯೇ ಆಗಬೇಕು. ದುಡ್ಡು ಈಗ ಅರ್ಧಕ್ಕೇ ಇದ್ದರೆ, ತೇಲುವುದು ಹಿಂಭಾಗ ಆದ್ದರಿಂದ ಹಿಂದಿನ ಜೋಡಿಯಿಂದ ಶುರು ಮಾಡಿ. ಸ್ವಿಫ್ಟ್‌ನಲ್ಲಿ ಅಲ್ಲಿ ಕೆಲಸವೂ ಸುಲಭ. ಬೆಂಗಳೂರಿನಲ್ಲಿ ಭಾಗಗಳಿಗೆ ಜೆ.ಸಿ. ರೋಡಿಗೆ ಹೋಗ್ತೀರಾದರೆ ಬಿಲ್ ತೆಗೆದುಕೊಳ್ಳಿ, ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಫೋಟೋ ಹಿಡಿಯಿರಿ, ನಕಲಿ ಮಾಲಿನ ಕಾಟ ಈ ಭಾಗದಲ್ಲಿ ಜಾಸ್ತಿ.

17 ಇಂಚಿನ ಅಲಾಯ್ ಬಗ್ಗೆ. ಈ ಗಾಡಿಗೆ ಕಂಪನಿಯಿಂದ ಬರುವ 165/80 ಆರ್14 ಟೈರಿನ ಪಕ್ಕದ ಗೋಡೆ 132 ಮಿ.ಮೀ., 185/65 ಆರ್15ಕ್ಕೆ 120. 205/45 ಆರ್17 ಹಾಕಿದರೆ ಅದು 92ಕ್ಕೆ ಇಳಿಯುತ್ತೆ, ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎತ್ತರ ಬರಲಿಲ್ಲ, ಗುಂಡಿಗೂ ರಿಮ್ಮಿಗೂ ನಡುವಿನ ಮೆತ್ತೆ ಮಾತ್ರ ಹೋಯಿತು, ಚಕ್ರದ ತೂಕವೂ ಸಾಮಾನ್ಯವಾಗಿ ಏರಿತು. ಇರುವ ರಿಮ್ಮಿಗೇ ಒಳ್ಳೇ ಟೈರ್ ಹಾಕಿಸಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಗಾಡಿ ತುಂಬಿದಾಗ ಎಷ್ಟು ಗಾಳಿ ಅಂತ ಬೇರೆ ಅಂಕಿ ಇದೆಯೇ ನೋಡಿ, ಇದ್ದರೆ ಊರಿಗೆ ಹೊರಡುವ ಬೆಳಿಗ್ಗೆ ಅಷ್ಟು ತುಂಬಿಸಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ.

ಗಾಡಿ ಎತ್ತರಿಸುವ ಸ್ಪೇಸರನ್ನು ಯಾರಾದರೂ ಸೂಚಿಸಬಹುದು. ಮುಂದಿನ ಸ್ಟ್ರಟ್ ಮೇಲೆ ಅದನ್ನು ಇಟ್ಟರೆ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟಿನ ಕೋನ ಬದಲಾಗುತ್ತೆ, ಅದರ ತುದಿಯ ಸಿವಿ ಜಾಯಿಂಟ್ ಮೇಲೆ ಒತ್ತಡ ಬೀಳುತ್ತೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ಕೂಡದು, ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಸವೆದ ಶಾಕ್ ಅಬ್ಸಾರ್ಬರ್ ತೆಗೆದು ಅದೇ ಅಳತೆಯದ್ದು ಹಾಕುವುದು ರಿಪೇರಿ. ಎತ್ತರ ಏರಿಸುವುದು, ಇಳಿಸುವುದು ಬೇರೆ ಮಾತು, ಅಪಘಾತವಾದಾಗ ಇನ್ಶೂರೆನ್ಸಿನವರು ಅದನ್ನೂ ಕೇಳಬಹುದು.

ಫಿಟ್ಟಿಂಗ್ ಸಮಯದಲ್ಲಿ ಪಕ್ಕದಲ್ಲಿ ನಿಂತಿರಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಗಾಡಿ ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಲು ಹೇಳಿ. ಪಿಸ್ಟನ್ ರಾಡಿನ ಹೊಳೆಯುವ ಭಾಗವನ್ನು ಇಕ್ಕಳದಿಂದ ಹಿಡಿಯಲು ಬಿಡಬೇಡಿ, ಒಂದು ಗೀರು ಬಿದ್ದರೂ ಸೀಲ್ ಸೋರಲು ಶುರು. ಮುಂದಿನದು ಬಿಚ್ಚಿದ್ದರೆ ಅದೇ ದಿನ ವ್ಹೀಲ್ ಅಲೈನ್‌ಮೆಂಟ್.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ, ಖಾಲಿ ಇದ್ದಾಗ ಒಮ್ಮೆ, ಊರಿಗೆ ಹೊರಡುವ ಹಾಗೆ ಜನ-ಸಾಮಾನು ತುಂಬಿದಾಗ ಒಮ್ಮೆ. ಎಡ-ಬಲದ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಕಡೆಯ ಸ್ಪ್ರಿಂಗ್ ಕುಸಿದಿರಬಹುದು, ಆಗ ಕಂಪನಿ ಸ್ಪ್ರಿಂಗ್ ಜೋಡಿಯನ್ನೂ ಪಟ್ಟಿಗೆ ಸೇರಿಸಬೇಕಾಗುತ್ತೆ. ಆ ಎಂಟು ಅಂಕಿಗಳನ್ನೂ ನಿಮ್ಮ ಟೈರ್ ಸೈಜನ್ನೂ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳ್ತೀನಿ.