ಅಂಗಡಿಯ ಕಂತಿನ ಬಾಕಿಯನ್ನು ಫೈನಾನ್ಸ್ ಕಂಪನಿಗೆ ಮಾರಿಬಿಡಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾಸರಗೋಡಿನ ಕುಂಬಳೆಯಲ್ಲಿ ಗೃಹೋಪಯೋಗಿ ವಸ್ತುಗಳ ಅಂಗಡಿ. ತಂದೆಯವರ ಕಾಲದಿಂದಲೂ ಫ್ರಿಡ್ಜ್, ಗ್ರೈಂಡರ್, ಟಿ.ವಿ.ಗಳನ್ನು ಕಂತಿನ ಮೇಲೆ ಕೊಡುತ್ತ ಬಂದಿದ್ದೀರಿ. ಈಗ ಸುಮಾರು 140 ಮನೆಗಳಿಂದ 22 ಲಕ್ಷ ರೂಪಾಯಿ ಬರಬೇಕು. ಅದರಲ್ಲಿ 12 ಲಕ್ಷ ಆರು ತಿಂಗಳೊಳಗಿನದು, 6 ಲಕ್ಷ ಒಂದೂವರೆ ವರ್ಷದೊಳಗಿನದು, ಉಳಿದ 4 ಲಕ್ಷ ಅದಕ್ಕೂ ಹಳೆಯದು. ಒಂದು ಫೈನಾನ್ಸ್ ಕಂಪನಿ ಬಂದು, ಅಷ್ಟನ್ನೂ ರೂಪಾಯಿಗೆ 70 ಪೈಸೆಯಂತೆ ಕೊಳ್ಳುತ್ತೇವೆ, ಇನ್ನು ಮುಂದೆ ನಿಮ್ಮ ಗ್ರಾಹಕರಿಗೆ ಸಾಲವನ್ನು ನಾವೇ ಕೊಡುತ್ತೇವೆ ಎಂದಿದೆ. ಮಗ ಒಪ್ಪೋಣ ಎನ್ನುತ್ತಿದ್ದಾನೆ, ನಿಮಗೆ ಧೈರ್ಯ ಬರುತ್ತಿಲ್ಲ.

ಅವರು ಒಟ್ಟಿಗೆ ಕಟ್ಟಿ ತಂದಿದ್ದರೂ ಇವು ಎರಡು ಬೇರೆ ಬೇರೆ ವ್ಯವಹಾರಗಳು. ಮುಂದಿನ ಸಾಲವನ್ನು ಅವರಿಗೆ ಬಿಡಿ. ಹಳೆಯ ಬಾಕಿಯನ್ನು ಮಾರಬೇಡಿ. ಮಾರಲೇಬೇಕಾದ ಇಕ್ಕಟ್ಟಿದ್ದರೆ ವಸೂಲಿಯನ್ನು ನಿಮ್ಮ ಕೈಯಲ್ಲೇ ಉಳಿಸಿಕೊಂಡು ಮಾರಿ. ಬದಿಯಡ್ಕದಲ್ಲಿ ಇದೇ ವ್ಯಾಪಾರ ಮಾಡುವ ನಾನು 2019ರಲ್ಲಿ ಬಾಕಿಯನ್ನೂ ವಸೂಲಿಯನ್ನೂ ಒಟ್ಟಿಗೆ ಕೊಟ್ಟುಬಿಟ್ಟೆ.

ಆಗ ನನಗೆ ಬರಬೇಕಿದ್ದುದು 9 ಲಕ್ಷ. ಅಂಗಡಿ ವಿಸ್ತರಿಸಲು ಹಣ ಬೇಕಿತ್ತು. ಮಾರ್ಚ್‌ನಲ್ಲಿ 65 ಪೈಸೆ ದರಕ್ಕೆ ಒಪ್ಪಿ, ಅರುವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಒಂದು ಕಂಪನಿಗೆ ಬರೆದುಕೊಟ್ಟೆ. ವಾರದೊಳಗೆ ಹಣ ಬಂತು. ಎರಡು ತಿಂಗಳು ನೆಮ್ಮದಿಯಿಂದ ಇದ್ದೆ.

ನಮ್ಮ ಊರಿನ ಹಣ ಹೇಗೆ ಹರಿಯುತ್ತದೆಂಬುದು ನಿಮಗೆ ಹೇಳಬೇಕಾಗಿಲ್ಲ. ಅಡಿಕೆಯ ಕೊಯ್ಲು ನವೆಂಬರ್ ಹೊತ್ತಿಗೆ ಬಿರುಸಾಗುತ್ತದೆ, ಅಂಗಳದಲ್ಲಿ ನಲುವತ್ತು ನಲುವತ್ತೈದು ದಿನ ಒಣಗುತ್ತದೆ, ಸುಲಿದು ಕ್ಯಾಂಪ್ಕೋಗೋ ಖಾಸಗಿ ಮಂಡಿಗೋ ಹೋದ ಮೇಲೆ ಕೈಗೆ ಕಾಸು. ಮಳೆ ಹಿಡಿದ ಮೇಲೆ ತೋಟದಿಂದ ಬರುವುದೇನೂ ಇಲ್ಲ. ಬದಲಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಕಂತು ಕೇಳಲು ನನ್ನ ತಂದೆ ಯಾರ ಮನೆಗೂ ಹೋದವರಲ್ಲ. ಆದರೆ ಅವರ ಪುಸ್ತಕದಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ಹೆಚ್ಚಿನ ಲೆಕ್ಕಗಳು ಚುಕ್ತಾ ಆಗಿರುತ್ತಿದ್ದವು.

ಕಂಪನಿಯ ಕಂಪ್ಯೂಟರಿನಲ್ಲಿ ಆಟಿ ಎಂಬ ತಿಂಗಳು ಇರಲಿಲ್ಲ. ಜುಲೈ ಕೊನೆಯಲ್ಲಿ ವಸೂಲಿಯ ಹುಡುಗರು ಬೈಕಿನಲ್ಲಿ ಹೊರಟರು. ಅವರಿಗೆ ಮಲಯಾಳ ಬಿಟ್ಟು ಬೇರೆ ಭಾಷೆ ಬಾರದು, ಅವರು ಹೋದ ಮನೆಗಳ ಹಿರಿಯರಿಗೆ ತುಳು, ಕನ್ನಡ ಬಿಟ್ಟು ಬೇರೆ ಬಾರದು. ತಪ್ಪು ಆ ಹುಡುಗರದ್ದಲ್ಲ, ಅವರ ಕೈಗೆ ಪಟ್ಟಿ ಕೊಟ್ಟವನು ನಾನು. ಎಣ್ಮಕಜೆಯ ಒಬ್ಬ ಹಿರಿಯ ಕೃಷಿಕರು ಜೂನ್‌ನಲ್ಲಿ ನನ್ನ ಅಂಗಡಿಗೇ ಬಂದು 4,000 ರೂಪಾಯಿ ಕೊಟ್ಟು ಹೋಗಿದ್ದರು. ಬಾಕಿ ಮಾರಿದ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಅಂಗಡಿಯ ಹೊಸ ಹುಡುಗನಿಗೂ ಗೊತ್ತಿರಲಿಲ್ಲ. ಅವನು ಹಣ ತೆಗೆದುಕೊಂಡು ರಸೀದಿ ಕೊಟ್ಟಿದ್ದ. ಅದೇ 4,000 ರೂಪಾಯಿಯನ್ನು ಕಂಪನಿಯವರು ಮತ್ತೆ ಕೇಳಿದಾಗ, ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಳೆಯಲ್ಲೇ ಬಸ್ ಹಿಡಿದು ಬಂದರು. ಜೋರು ಮಾಡಲಿಲ್ಲ. "ನನ್ನ ಕಡವನ್ನು ಇನ್ನೊಬ್ಬರಿಗೆ ಕೊಡುವಾಗ ನನಗೊಂದು ಮಾತು ಹೇಳಬೇಕೆಂದು ನಿಮಗೆ ಕಾಣಲಿಲ್ಲವೇ?" ಎಂದರು.

ಕಾನೂನು ಅವರ ಕಡೆಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 130ನೆಯ ಸೆಕ್ಷನ್ ಪ್ರಕಾರ ಇಂತಹ ಬಾಕಿಯನ್ನು ಮಾರಲು ಸಾಲಗಾರನ ಒಪ್ಪಿಗೆ ಬೇಡ. ಮಾರುವವನು ಸಹಿ ಹಾಕಿದ ಬರಹವಿದ್ದರೆ ಸಾಕು. ಆದರೆ ವರ್ಗಾವಣೆಯ ವಿಷಯ ತಿಳಿಯದ ಸಾಲಗಾರನು ಹಳೆಯ ಸಾಹುಕಾರನಿಗೇ ಹಣ ಕಟ್ಟಿದರೆ ಆ ಪಾವತಿ ಊರ್ಜಿತ. ಕೊಂಡವನು ಅದನ್ನು ಮತ್ತೆ ಅವನಿಂದ ಕೇಳುವಂತಿಲ್ಲ, ನನ್ನಿಂದ ಕೇಳಬೇಕು. ಆ ಹಣವನ್ನು ನಾನು ಕಂಪನಿಗೆ ಕಟ್ಟಿದೆ. ಆ ಹಿರಿಯರು ನನ್ನ ಅಂಗಡಿಗೆ ಮತ್ತೆ ಬರಲಿಲ್ಲ. ಆದ್ದರಿಂದ, ನೀವು ಯಾವ ರೀತಿಯಲ್ಲಿ ಮಾರಿದರೂ 140 ಮನೆಗಳಿಗೂ ಬರಹದಲ್ಲಿ ನೋಟಿಸ್ ಹೋಗಬೇಕು, ಅದು ಅವರು ಓದಬಲ್ಲ ಭಾಷೆಯಲ್ಲಿರಬೇಕು, ಸಾಧ್ಯವಾದಲ್ಲೆಲ್ಲ ನೀವೇ ಹೋಗಿ ಹೇಳಬೇಕು.

ಅದೇ ಕಾಯ್ದೆಯ 132ನೆಯ ಸೆಕ್ಷನ್ನನ್ನೂ ಗಮನದಲ್ಲಿಡಿ. ನಿಮ್ಮೆದುರು ಗ್ರಾಹಕನಿಗೆ ಯಾವ ತಕರಾರು ಇತ್ತೋ ಅದು ಕೊಂಡವನ ಎದುರಿಗೂ ಇರುತ್ತದೆ. ಫ್ರಿಡ್ಜಿನ ಕಂಪ್ರೆಸರ್ ಕೆಟ್ಟಿದೆ, ಬದಲಿಸಿ ಕೊಡುತ್ತೇನೆಂದು ಅಂಗಡಿಯವರು ಮಾತು ಕೊಟ್ಟಿದ್ದರು ಎಂದು ಅವನು ಕಂತು ನಿಲ್ಲಿಸಿದರೆ ಕಂಪನಿ ನಿಮ್ಮ ಬಾಗಿಲಿಗೇ ಬರುತ್ತದೆ.

ಇನ್ನು ಲೆಕ್ಕ. ಹೊಸ 12 ಲಕ್ಷದಲ್ಲಿ ನೂರಕ್ಕೆ 95, ನಡುವಿನ 6 ಲಕ್ಷದಲ್ಲಿ 75, ಹಳೆಯ 4 ಲಕ್ಷದಲ್ಲಿ 25 ಬರುತ್ತದೆಂದು ಇಟ್ಟುಕೊಳ್ಳಿ. 11.4 ಲಕ್ಷ, 4.5 ಲಕ್ಷ, 1 ಲಕ್ಷ, ಒಟ್ಟು 16.9 ಲಕ್ಷ. ಈ ಪ್ರಮಾಣಗಳು ನನ್ನ ಪುಸ್ತಕದ ಅನುಭವದಿಂದ ಬಂದವು, ನಿಮ್ಮದು ಬೇರೆ ಇರಬಹುದು. ಕಂಪನಿ ಕೊಡುವುದು 15.4 ಲಕ್ಷ. ವ್ಯತ್ಯಾಸ ಒಂದೂವರೆ ಲಕ್ಷ. ಆ 15.4 ಲಕ್ಷ ಇಂದೇ ಕೈಗೆ ಬಂದರೆ, ಓವರ್‌ಡ್ರಾಫ್ಟ್‌ಗೆ ಶೇಕಡಾ 12ರ ಬಡ್ಡಿ ಕಟ್ಟುವವರಿಗೆ ವಸೂಲಿಗೆ ಬೇಕಾದ ಎಂಟು ತಿಂಗಳಲ್ಲಿ ಸುಮಾರು 1.23 ಲಕ್ಷ ಉಳಿಯುತ್ತದೆ. ವಸೂಲಿಗೆ ತಿರುಗುವವನ ಸಂಬಳ, ಪೆಟ್ರೋಲು ಸೇರಿಸಿದರೆ ಎರಡೂ ಕಡೆ ಸರಿಸಮ. ನಿಮ್ಮ ಮಗ ಮಾಡಿದ ಲೆಕ್ಕ ಇದೇ ಇರಬೇಕು, ಅದರಲ್ಲಿ ತಪ್ಪಿಲ್ಲ. ನಾನೂ ಅಷ್ಟೇ ಮಾಡಿದ್ದೆ. ನಾನು ಓದದೆ ಬಿಟ್ಟದ್ದು ಕರಾರನ್ನು.

ಕರಾರಿನಲ್ಲಿ ಮೊದಲು ಹುಡುಕಬೇಕಾದದ್ದು, ಬಾರದ ಬಾಕಿಯನ್ನು ನಿಮಗೇ ಹಿಂತಿರುಗಿಸುವ ಷರತ್ತು ಇದೆಯೇ ಎಂಬುದು. ನನ್ನ ಕರಾರಿನಲ್ಲಿ 90 ದಿನ ಕಂತು ಬಾರದಿದ್ದರೆ ಆ ಲೆಕ್ಕವನ್ನು ಪೂರ್ತಿ ಬೆಲೆಗೆ ನಾನೇ ಹಿಂದಕ್ಕೆ ಕೊಳ್ಳಬೇಕು ಎಂದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂತು ಕಟ್ಟದಿರುವುದು ನಮ್ಮಲ್ಲಿ ಮೋಸವಲ್ಲ, ಮಳೆಗಾಲ. ಹೊಸ ಅಡಿಕೆ ಬಂದಾಗ ತಾವಾಗಿಯೇ ಬಂದು ಕಟ್ಟುತ್ತಿದ್ದ ಮನೆಗಳೆಲ್ಲ ಆ ಷರತ್ತಿನ ಕೆಳಗೆ ಬಿದ್ದವು. 65 ಪೈಸೆಗೆ ಮಾರಿದ್ದನ್ನು ರೂಪಾಯಿಗೆ ಕೊಂಡೆ. ಅಂತಹ ಷರತ್ತು ಇದ್ದರೆ ಅದು ಮಾರಾಟವೇ ಅಲ್ಲ. ನಿಮ್ಮ ಗ್ರಾಹಕರನ್ನು ಒತ್ತೆಯಿಟ್ಟು ನೀವು ಪಡೆದ ದುಬಾರಿ ಸಾಲ.

ಎರಡನೆಯದು ಆಯ್ಕೆಯ ಹಕ್ಕು. ಪಟ್ಟಿಯಿಂದ ತಮಗೆ ಬೇಕಾದ ಲೆಕ್ಕಗಳನ್ನಷ್ಟೇ ಆರಿಸಿಕೊಳ್ಳಬಹುದೆಂದು ಕಂಪನಿ ಬರೆದುಕೊಂಡಿದ್ದರೆ, ಅವರು ಹೊಸ 12 ಲಕ್ಷವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. 11.4 ಲಕ್ಷ ತರಬಲ್ಲದ್ದಕ್ಕೆ ನಿಮಗೆ 8.4 ಲಕ್ಷ ಸಿಗುತ್ತದೆ, ಕಷ್ಟದ 10 ಲಕ್ಷ ನಿಮ್ಮಲ್ಲೇ ಉಳಿಯುತ್ತದೆ.

ಕೊಳ್ಳುವವರು ಯಾರು ಎಂಬುದನ್ನೂ ನೋಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಯೇ ಎಂದು ಆ ಬ್ಯಾಂಕಿನದೇ ಜಾಲತಾಣದ ಪಟ್ಟಿಯಲ್ಲಿ ಪರೀಕ್ಷಿಸಿ. ನಾವಿರುವುದು ಕೇರಳದಲ್ಲಿ, 1958ರ ಕೇರಳ ಲೇವಾದೇವಿದಾರರ ಕಾಯ್ದೆ ಇಲ್ಲಿ ಜಾರಿಯಲ್ಲಿದೆ. ಪರವಾನಗಿ ಇಲ್ಲದ ಬಡ್ಡಿ ವ್ಯವಹಾರದವರ ಮೇಲೆ ಪೊಲೀಸರು 2014ರಲ್ಲಿ ನಡೆಸಿದ 'ಆಪರೇಷನ್ ಕುಬೇರ' ನಿಮಗೂ ನೆನಪಿರಬಹುದು. ಅಂಥವರ ಕೈಗೆ ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳನ್ನು ಕೊಡಲೇಬಾರದು. ನಿಮ್ಮ ಮಗ ಕೇಳಿದ ಟ್ರೆಡ್ಸ್ ವೇದಿಕೆ ಇಲ್ಲಿಗೆ ಹೊಂದುವುದಿಲ್ಲ. ಅದು ಸಣ್ಣ ಉದ್ದಿಮೆಗಳು ಕಂಪನಿಗಳಿಗೂ ಸರಕಾರಿ ಸಂಸ್ಥೆಗಳಿಗೂ ಮಾರಿದ ಮಾಲಿನ ಬಿಲ್ಲುಗಳ ಮೇಲೆ ಮುಂಚಿತವಾಗಿ ಹಣ ಪಡೆಯಲು ಇರುವಂಥದ್ದು.

ದೊಡ್ಡ ಅಂಗಡಿಗಳೂ ಹೀಗೆ ಮಾಡುತ್ತವಲ್ಲ ಎಂದು ಬರೆದಿದ್ದೀರಿ. ಹೌದು. ಅಮೆರಿಕದ ಸಿಯರ್ಸ್ 1911ರಿಂದ ಗ್ರಾಹಕರಿಗೆ ಸಾಲ ಕೊಡುತ್ತಿತ್ತು. 2003ರಲ್ಲಿ ತನ್ನ ಕ್ರೆಡಿಟ್ ಕಾರ್ಡ್ ವಿಭಾಗವನ್ನು ಬಾಕಿ ಸಮೇತ ಸುಮಾರು 3,200 ಕೋಟಿ ಡಾಲರಿಗೆ ಸಿಟಿಗ್ರೂಪ್‌ಗೆ ಮಾರಿತು. ಅದುವರೆಗೆ ಲಾಭದ ದೊಡ್ಡ ಪಾಲು ಬರುತ್ತಿದ್ದುದು ಆ ವಿಭಾಗದಿಂದಲೇ. ನಮಗೆ ಪಾಠವಾಗಬೇಕಾದದ್ದು ಅಲ್ಲಿನದೇ ಇನ್ನೊಂದು ದೊಡ್ಡ ಅಂಗಡಿ ಸಂಸ್ಥೆ 'ಟಾರ್ಗೆಟ್' ಮಾಡಿದ ರೀತಿ. ಅದು 2013ರಲ್ಲಿ ಕಾರ್ಡಿನ ಬಾಕಿಯನ್ನು ಟಿ.ಡಿ. ಬ್ಯಾಂಕಿಗೆ ಮಾರಿತು, ಆದರೆ ಖಾತೆಗಳ ನಿರ್ವಹಣೆಯನ್ನು ತಾನೇ ಉಳಿಸಿಕೊಂಡಿತು, ಲಾಭದಲ್ಲಿ ಪಾಲನ್ನೂ ಇಟ್ಟುಕೊಂಡಿತು. ನೀವು ಮಾರುವುದೇ ಆದರೆ ಕೇಳಬೇಕಾದದ್ದು ಇದನ್ನೇ: ಹಣ ಅವರದ್ದಾಗಲಿ, ಮನೆಗೆ ಹೋಗುವವರು ನಮ್ಮವರೇ ಇರಲಿ, ಅದಕ್ಕಿಷ್ಟು ಕಮಿಷನ್ ಎಂದು ಬರೆಯಲಿ. ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಹೊಸ ಸಾಲದ ವಿಷಯದಲ್ಲಿ ನನಗೆ ಹಿಂಜರಿಕೆ ಇಲ್ಲ. ಜಿಎಸ್‌ಟಿಯನ್ನು ನಾವು ಬಿಲ್ ಮಾಡಿದಾಗಲೇ ಪೂರ್ತಿ ಕಟ್ಟುತ್ತೇವೆ. ಗ್ರಾಹಕ ಕೈ ಎತ್ತಿದರೆ ಆ ತೆರಿಗೆ ಹಿಂದೆ ಬರುವುದಿಲ್ಲ. ಕಂಪನಿ ಸಾಲ ಕೊಟ್ಟರೆ ಮಾಲಿನ ಹಣ ನಮಗೆ ಕೆಲವೇ ದಿನಗಳಲ್ಲಿ ಸಿಗುತ್ತದೆ. ಬಡ್ಡಿಯಿಲ್ಲದ ಕಂತು ಎಂಬ ಫಲಕ ಹಾಕುವ ಮೊದಲು ಮಾತ್ರ ಆ ಬಡ್ಡಿ ಯಾರ ಜೇಬಿನಿಂದ ಹೋಗುತ್ತದೆಂದು ಕೇಳಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ತಯಾರಕರು ಭರಿಸದಿದ್ದರೆ ಅದು ನಿಮ್ಮ ಲಾಭಾಂಶದಿಂದಲೇ ಕಡಿತವಾಗುತ್ತದೆ.

ಇಲ್ಲಿ ನಾನು ಹಠ ಹಿಡಿದು ಸಾಧಿಸಿದ ಒಂದು ಸಂಗತಿಯಿದೆ. ನನ್ನ ಅಂಗಡಿಗೆ ಬರುತ್ತಿದ್ದ ಸಾಲದ ಕಾಗದಗಳು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತಿದ್ದವು. ನಮ್ಮ ಕನ್ನಡದ ಗ್ರಾಹಕರು ಅವನ್ನು ಓದಲಾರದೆ, ನನ್ನ ಮುಖ ನೋಡಿ ಸಹಿ ಹಾಕುತ್ತಿದ್ದರು. ಬಡ್ಡಿ, ಶುಲ್ಕಗಳನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆಲ್ಲ ಅನ್ವಯವಾಗುತ್ತದೆ. ಅದನ್ನು ತೋರಿಸಿ ಕೇಳಿದೆ, ಎರಡು ತಿಂಗಳ ಬಳಿಕ ಕನ್ನಡದ ಪತ್ರ ಬಂತು. ನೀವೂ ಕೇಳಿ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂಬುದನ್ನೂ ಗ್ರಾಹಕರಿಗೆ ತಿಳಿಸಿ.

ಕಂಪನಿ ಎಲ್ಲರಿಗೂ ಸಾಲ ಕೊಡುವುದಿಲ್ಲ. ಸಾಲಗಾರರ ಚರಿತ್ರೆ ಇಡುವ ಸಿಬಿಲ್‌ನಲ್ಲಿ ದಾಖಲೆಯಿಲ್ಲದ ಬೀಡಿ ಕಟ್ಟುವ ಹೆಂಗಸು, ಸಂಬಳದ ಚೀಟಿಯಿಲ್ಲದ ಸಣ್ಣ ಕೃಷಿಕ ತಿರಸ್ಕೃತರಾಗುತ್ತಾರೆ. ಇವರಿಗಾಗಿ ನಾನೊಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. ಮೂರು ಲಕ್ಷ ದಾಟಿದರೆ ಹೊಸಬರಿಗೆ ಕಡವಿಲ್ಲ ಎಂಬ ಕಟ್ಟು ಹಾಕಿಕೊಂಡಿದ್ದೇನೆ. ಬೀಡಿಯವರಿಗೆ ವಾರದ ಕಂತು, ಅಡಿಕೆಯವರಿಗೆ ವರ್ಷಕ್ಕೆ ಎರಡೇ ಕಂತು. ತಿಂಗಳ ಕಂತಿನಲ್ಲಿ ಸೋಲುವ ಮನೆಗಳು ಇದರಲ್ಲಿ ಸೋಲುವುದಿಲ್ಲ.

ನಿಮ್ಮ ಹಳೆಯ 22 ಲಕ್ಷಕ್ಕೆ ಈಗಲೇ ಮಾಡಬೇಕಾದ ಕೆಲಸವೊಂದಿದೆ. ಕಂತಿನ ಬಾಕಿಗೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಆ ಅವಧಿ ಮುಗಿಯುವ ಮೊದಲು ಸಾಲಗಾರರು ಇಷ್ಟು ಬಾಕಿ ಇದೆಯೆಂದು ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಹಳೆಯ 4 ಲಕ್ಷದ ಲೆಕ್ಕಗಳನ್ನು ಮೊದಲು ತೆಗೆಯಿರಿ, ತಾರೀಕು ನೋಡಿ. ಈಗ ಅಂಗಳಗಳಲ್ಲಿ ಅಡಿಕೆ ಒಣಗುತ್ತಿದೆ. ಮಗನನ್ನೂ ಕರೆದುಕೊಂಡು, ಪುಸ್ತಕ ಹಿಡಿದು ನೀವೇ ಹೋಗಿ. ಕೊಡಬಲ್ಲವರಿಂದ ಹಣ, ಕೊಡಲಾಗದವರಿಂದ ಸಹಿ ಮತ್ತು ಹೊಸ ತಾರೀಕು ಪಡೆಯಿರಿ. ಮಾರ್ಚ್ ಕೊನೆಯವರೆಗೂ ಕಂಪನಿಗೆ ಉತ್ತರ ಕೊಡಬೇಡಿ. ಅಷ್ಟರಲ್ಲಿ ಆ 22 ಲಕ್ಷದಲ್ಲಿ ಎಷ್ಟು ಉಳಿದಿದೆಯೋ ಅದರ ಮೇಲೆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿ.