ರಿಪೋರ್ಟ್ ನಾರ್ಮಲ್, ಆದರೂ ಡಾಕ್ಟರ್ ಹತ್ರ ಹೋಗೋದು ಯಾಕೆ?

ಒಂಟಿಯಾಗಿರುವ ಅಮ್ಮ ಪದೇ ಪದೇ ಡಾಕ್ಟರ್ ಹತ್ರ ಹೋಗುತ್ತಾರೆ, ಹೆಂಡತಿ ತೀರಿಕೊಂಡ ಮಾವ ಆ ಕಡೆ ತಲೆ ಹಾಕುವುದೇ ಇಲ್ಲ, ಎರಡಕ್ಕೂ ಒಂಟಿತನವೇ ಕಾರಣವಾ ಎಂದು ಕೇಳಿದ್ದೀರಿ. ಇರಬಹುದು.

ಅಮೆರಿಕದಲ್ಲಿ 60 ದಾಟಿದವರ ಬಗ್ಗೆ 2015ರಲ್ಲಿ ಬಂದ ಅಧ್ಯಯನದಲ್ಲಿ, ವರ್ಷಗಟ್ಟಲೆ ಒಂಟಿತನ ಕಾಡುತ್ತಿದ್ದವರು ಡಾಕ್ಟರನ್ನು ಜಾಸ್ತಿ ಸಲ ಕಂಡಿದ್ದರು. ಆದರೆ ಆಸ್ಪತ್ರೆಗೆ ದಾಖಲಾಗುವುದು ಹಾಗೆ ಹೆಚ್ಚಿರಲಿಲ್ಲ. ಗಮನಿಸಿ ನೋಡಿ: ಔಷಧಿ ಚೀಟಿ ಕೈಗೆ ಬಂದ ಮೇಲೂ ಅಮ್ಮ ಕುರ್ಚಿ ಬಿಟ್ಟು ಏಳದೆ ಮಾತು ಮುಂದುವರಿಸುತ್ತಾರಾ? ಅದಕ್ಕೆ ಅವರನ್ನು ರೇಗಿಸಬೇಡಿ. ನೋವು ಸುಳ್ಳಲ್ಲ.

ನನಗೆ ಜಾಸ್ತಿ ಚಿಂತೆ ಮಾವನದ್ದೇ. ಎಷ್ಟೋ ಗಂಡಸರಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಹೆಂಡತಿ ಒಬ್ಬಳೇ. ಬಿಪಿ ಮಾತ್ರೆ ನೆನಪಿಸುತ್ತಿದ್ದವಳೂ ಅವಳೇ, ಅಲ್ವಾ? 'ಒಂಟಿತನ ಇದೆಯಾ' ಎಂದರೆ 'ಇಲ್ಲ' ಅಂತಲೇ ಹೇಳುತ್ತಾರೆ. ಸಂಶೋಧಕರು ಬಳಸುವ ಮೂರು ಪ್ರಶ್ನೆಗಳಲ್ಲಿ ಆ ಪದವೇ ಇಲ್ಲ: ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದಾ, ನಿಮ್ಮನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತದಾ, ಎಲ್ಲರಿಂದ ದೂರವಾದ ಹಾಗಿದೆಯಾ? ಮಾತಿನ ನಡುವೆ ಹೀಗೆ ಕೇಳಿ.

ಹಾಗಂತ ಎಲ್ಲವನ್ನೂ ಒಂಟಿತನದ ತಲೆಗೆ ಕಟ್ಟಬೇಡಿ. ಇಬ್ಬರಿಗೂ ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಖಿನ್ನತೆ, ಥೈರಾಯ್ಡ್ ಬಗ್ಗೆಯೂ ಡಾಕ್ಟರನ್ನು ವಿಚಾರಿಸಿ.